ಬರೆ ಬೀಳದ ಕುತ್ತಿಗೆ

ನಮ್ಮ ಮನೆತನದ ನನ್ನ ವಾರಿಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕುತ್ತಿಗೆ ನೋಡಿದರೆ, ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಕಿವಿಯ ಕೆಳಗೆ ಒಂದು ಹೊಳೆಯುವ ಗೆರೆ ಕಾಣುತ್ತದೆ. ಗಂಡಸರಾದರೆ ಅದನ್ನು ಅಂಗಿಯ ಕಾಲರಿನಲ್ಲಿ ಮುಚ್ಚಿಕೊಳ್ಳುತ್ತಾರೆ, ಹೆಂಗಸರಾದರೆ ಸೆರಗಿನಲ್ಲಿ. ಗೆರೆಯಿಲ್ಲದ ಆ ಒಬ್ಬಳು ನಾನು. ಇದನ್ನು ಹೇಳುವಾಗ ನನ್ನ ಗದ್ದ ತಾನಾಗಿ ಮೇಲಕ್ಕೇಳುತ್ತದೆ, ಏಳಲಿ ಬಿಡಿ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನನ್ನದೂ ಒಂದು ಮನೆ ಇದೆ, ಓದಿದ ಮಕ್ಕಳಿದ್ದಾರೆ, ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಅದೆಲ್ಲ ನಾನು ದುಡಿದು, ಒದ್ದಾಡಿ ಪಡೆದದ್ದು. ಈ ಕುತ್ತಿಗೆ ಮಾತ್ರ ಇಬ್ಬರು ಹೆಂಗಸರು ಹಟ ಹಿಡಿದು ನನಗೆ ಕೊಟ್ಟದ್ದು. ಅದಕ್ಕೇ ಅದರ ಬಗ್ಗೆ ನನಗೆ ಜಂಬ ಹೆಚ್ಚು.

ಕಳೆದ ಚಳಿಗಾಲ ನನ್ನ ಮೊಮ್ಮಗಳಿಗೆ ಫ್ಲೂ ಬಂದು ಹೋಯಿತು. ಜ್ವರ ಇಳಿದು ಹುಡುಗಿ ಮತ್ತೆ ಶಾಲೆಗೆ ಹೊರಟ ದಿನ, ಅವಳ ತಲೆ ಬಾಚುತ್ತಿದ್ದ ಸೊಸೆಯ ಕೈಗೆ ಕಿವಿಯ ಕೆಳಗಿನ ಗಂಟು ಹತ್ತಿತು. ಸೊಸೆ ಹಣಿಗೆ ಬಿಟ್ಟು ಮೊಬೈಲು ಹಿಡಿದಳು. ಮೊಬೈಲಿನಲ್ಲಿ ನೆಗಡಿಯಿಂದ ಹಿಡಿದು ಹೆಸರು ಹೇಳಬಾರದ ರೋಗದವರೆಗೆ ಎಲ್ಲವೂ ಸಿಗುತ್ತದೆ. ಓದುವುದು, ಗಂಟು ಒತ್ತಿ ನೋಡುವುದು, ಮತ್ತೆ ಓದುವುದು, ಮತ್ತೆ ಒತ್ತುವುದು. ನಾನು ಅಡಿಗೆಮನೆಯಿಂದಲೇ ಕೂಗಿದೆ.

"ಅದನ್ನ ಹಿಚುಕಬ್ಯಾಡ. ಡಾಕ್ಟರ ಕಡಿ ಕರಕೊಂಡು ಹೋಗು, ಅವರ ಕೈಲೆ ಒಮ್ಮಿ ನೋಡಸು. ಆಮ್ಯಾಲ ಯಾರೂ ಕೈ ಹಚ್ಚಬ್ಯಾಡ್ರಿ."

"ಆಜೀ, ತುಲಾ ಕಸಂ ಮಾಹೀತ?"

ನಿನಗೆ ಹೇಗೆ ಗೊತ್ತು ಎಂದು ಕೇಳಿದವಳು ಮೊಮ್ಮಗಳು. ಅವಳು ಮರಾಠಿಯಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಾತು ನಡೆಯುವುದೇ ಹಾಗೆ, ಇದುವರೆಗೆ ಯಾರ ಊಟವೂ ನಿಂತಿಲ್ಲ. ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಅಕ್ಕಲಕೋಟ ತಾಲೂಕಿನ ಮೈಂದರ್ಗಿಯಲ್ಲಿ. ನಮ್ಮದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಬಲಕ್ಕೆ ನಾವು. ಎತ್ತುಗಳ ಕಡೆ ಗಾಳಿ ಚೆನ್ನಾಗಿತ್ತು, ನಮ್ಮ ಕಡೆ ಒಲೆಯ ಹೊಗೆ ಚೆನ್ನಾಗಿತ್ತು. ಪಡಸಾಲೆಯ ನಡುಗಂಬಕ್ಕೆ ಬೆನ್ನು ಹಚ್ಚಿ ಆಯಿ ಕೂಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳ ತಲೆಯ ಎಣ್ಣೆ ಇಳಿದು ಇಳಿದು ಆ ಕಂಬ ಕರ್ರಗೆ ಮಿರುಗುತ್ತಿತ್ತು. ಅಲ್ಲಿ ಕೂತರೆ ಬಾಗಿಲಲ್ಲಿ ಬರುವವರು, ಒಲೆಯ ಮುಂದೆ ರೊಟ್ಟಿ ಬಡಿಯುವವರು, ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುವವರು ಎಲ್ಲರೂ ಕಾಣುತ್ತಿದ್ದರು. ದೊಡ್ಡಪ್ಪನೂ ನನ್ನಪ್ಪನೂ ಊರಲ್ಲಿ ಮೀಸೆ ತಿರುವುವ ಗಂಡಸರೇ. ಆದರೆ ಯಾವ ಹೊಲಕ್ಕೆ ಯಾವ ಬೀಜ ಎಂಬುದನ್ನು ಆಯಿಯ ಬಾಯಿಂದ ಕೇಳದೆ ಅವರು ಕೂರಿಗೆ ಹೂಡಿದ್ದನ್ನು ನಾನು ನೋಡಿಲ್ಲ. ಬೀಜ ಆರಿಸುವುದಕ್ಕೆ ಆಯಿಗೆ ಕಣ್ಣು ಬೇಕಿರಲಿಲ್ಲ. ಚೀಲದೊಳಗೆ ಕೈ ಇಳಿಸಿ ಬೆರಳಿನಲ್ಲಿ ಉರುಳಿಸಿದರೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೇಳುತ್ತಿದ್ದಳು.

ಅದೇ ಬೆರಳುಗಳು ನಮ್ಮ ಕುತ್ತಿಗೆಯ ಮೇಲೂ ಓಡಾಡುತ್ತಿದ್ದವು. ಚಳಿಗಾಲ ಬಂದರೆ ಮನೆಯ ಮಕ್ಕಳಿಗೆಲ್ಲ ಒಬ್ಬರ ಹಿಂದೊಬ್ಬರಿಗೆ ನೆಗಡಿ, ಕೆಮ್ಮು, ಮೈ ಬಿಸಿ. ಅದು ಹೋದ ಮೇಲೆ ಆಯಿಯ ಮುಂದೆ ಹೋಗಿ ಕೂಡಬೇಕು, ಅದು ಮನೆಯ ಕಟ್ಟಳೆ. ಆಯಿ ಕಣ್ಣು ಮುಚ್ಚಿ, ಎರಡೂ ಕೈಯ ಬೆರಳುಗಳನ್ನು ನಮ್ಮ ದವಡೆಯ ಕೆಳಗೆ ಇಳಿಸಿ, ಚೀಲದಲ್ಲಿ ಬೀಜ ಹುಡುಕಿದ ಹಾಗೆ ಹುಡುಕುತ್ತಿದ್ದಳು. ನಾವು ಉಗುಳು ನುಂಗದೆ ಕೂಡಬೇಕು. ಕೊನೆಗೆ ಗಂಟಿನ ಗಾತ್ರಕ್ಕೆ ತಕ್ಕ ಒಂದು ಕಾಳಿನ ಹೆಸರು ಹೇಳುವಳು. ತೊಗರಿ ಎಂದರೆ ಎದ್ದು ಆಡಲು ಓಡಬಹುದು. ಕಡ್ಲಿ ಎಂದರೆ ಅರಿಷಿಣ, ಸುಣ್ಣದ ಪಟ್ಟು. ಶೇಂಗಾ ಎಂದರೆ ಪಟ್ಟಿನ ಜೊತೆಗೆ ಊಟದಲ್ಲಿ ಮೊಸರು, ಹುಣಸೆಹಣ್ಣು ಬಂದ್. ಬಾರಿಕಾಯಿ ಎಂದರೆ ಕುಡಗೋಲು. ಬಾರಿಕಾಯಿಯೆಂದರೆ ನಮ್ಮ ಕಡೆ ಬೋರೆಹಣ್ಣು.

ಆ ಕುಡಗೋಲು ಅಡಿಗೆಮನೆಯ ಜಂತಿಯಲ್ಲಿ ಸಿಕ್ಕಿಸಿರುತ್ತಿತ್ತು. ಯಾರೂ ತಪ್ಪಿ ಹೊಲಕ್ಕೆ ಒಯ್ಯಬಾರದೆಂದು ಅದರ ಹಿಡಿಕೆ ತೆಗೆದಿಟ್ಟಿದ್ದರು. ಅದರ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಗಂಟಿನ ಮೇಲೆ ಒಮ್ಮೆ ಎಳೆಯುವುದು. ಗಂಟಿಗೆ ಒಳಗೆ ಬೇರು ಇರುತ್ತದೆ, ಬೆಂಕಿ ತಾಗಿದರೆ ಬೇರು ಸಾಯುತ್ತದೆ ಎಂದು ಆಯಿ ನಂಬಿದ್ದಳು, ಅವಳ ಅತ್ತೆಯೂ ನಂಬಿದ್ದಳು. ಬರೆ ಹಾಕಿದ ಮೇಲೆ ಗಂಟು ಕರಗುತ್ತಿತ್ತು, ಅದೂ ಸುಳ್ಳಲ್ಲ. ನೆಗಡಿಯ ಗಂಟು ಹೇಗೂ ತಾನಾಗಿ ಕರಗುವುದೇ. ಆದರೆ ಹೆಸರು ಮಾತ್ರ ಕುಡಗೋಲಿಗೆ ಬರುತ್ತಿತ್ತು. ಆಯಿಗೆ ಆ ಗೆರೆ ಇತ್ತು, ಅಪ್ಪನಿಗಿತ್ತು, ದೊಡ್ಡಪ್ಪನ ಮಗಳು ಕಮಳಿಗಂತೂ ಎರಡೂ ಕಡೆ ಇತ್ತು. ಕಮಳಿ ಅದನ್ನು ಜಡೆ ಸರಿಸಿ ಎಲ್ಲರಿಗೂ ತೋರಿಸಿ, ನಾನು ಅಳಲೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಅವಳು ಅತ್ತದ್ದನ್ನು ಇಡೀ ಓಣಿ ಕೇಳಿತ್ತು.

ಅವ್ವ ಈ ಮನೆಗೆ ಬಂದದ್ದು ಸೊಲ್ಲಾಪುರದ ನವಿ ಪೇಠದಿಂದ. ಅವಳ ತವರಿನವರದು ಅರಿವೆಯ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅವ್ವನಿಗೆ ಎತ್ತಿನ ಹಗ್ಗ ಕಟ್ಟಲು ಬರುತ್ತಿರಲಿಲ್ಲ, ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು, ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಬೇಕು. ಆಯಿ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನವಿ ಪೇಠದಾಕಿ ಎಂದೇ ಕರೆಯುವುದು. ನವಿ ಪೇಠದಾಕಿ ಎದ್ದಳೇನು, ನವಿ ಪೇಠದಾಕಿಯ ರೊಟ್ಟಿಗೆ ಇವತ್ತೆಷ್ಟು ಬಾಯಿ ಎಂದು ಕೇಳಿ ಎಲ್ಲರನ್ನೂ ನಗಿಸುವುದು. ಅವ್ವನೂ ನಗುತ್ತಿದ್ದಳು. ಅವಳು ಸೊಂಡಿ ಊದಿಸಿಕೊಂಡು ಕೂಡುವ ಜಾತಿಯಲ್ಲ. ಆದರೆ ಬೇಡ ಎಂದು ಅವಳ ಬಾಯಿಂದ ಒಮ್ಮೆ ಬಂದರೆ ಮುಗಿಯಿತು, ಅದನ್ನು ಹೌದು ಮಾಡಿಸುವವರು ನಮ್ಮ ಮೈಂದರ್ಗಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ನಾನು ಶಾಲೆಗೆ ಹೋಗಲು ಸುರುಮಾಡಿದ ಮೇಲಿನ ಚಳಿಗಾಲ ನನಗೆ ಜೋರು ನೆಗಡಿ, ಜ್ವರ. ಅವ್ವ ಶುಂಠಿ, ಮೆಣಸಿನ ಕಾಢೆ ಕುಡಿಸಿದಳು. ಮೈ ತಣ್ಣಗಾಗಿ, ನುಚ್ಚು ಮಜ್ಜಿಗೆ ಉಣ್ಣುವಷ್ಟಾದ ಮೇಲೆ ನಾನೂ ಆಯಿಯ ಮುಂದೆ ಕೂತೆ. ಆಯಿಯ ಬೆರಳು ಎಡಗಡೆಯೇ ಬಹಳ ಹೊತ್ತು ನಿಂತಿತು.

"ಬಾರಿಕಾಯಿ," ಎಂದಳು.

ದೊಡ್ಡವ್ವ ಜಂತಿಯಿಂದ ಕುಡಗೋಲು ತೆಗೆದು ಒಲೆಗೆ ಇಟ್ಟಳು. ಅದು ಅವಳ ಕೆಲಸ. ಅಪ್ಪ ನನ್ನನ್ನು ಎತ್ತಿಕೊಳ್ಳಲು ಬಂದ. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನಗೂ ಒಲೆಗೂ ನಡುವೆ ನಿಂತಳು. ಅವಳ ಬಳೆಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ಬ್ಯಾಡ್ರಿ," ಎಂದಳು.

"ಏನ್ ಬ್ಯಾಡ?" ಎಂದಳು ಆಯಿ.

"ಬರಿ ಬ್ಯಾಡ್ರಿ. ಪೋರಿ ಈಗರೆ ತಾಪದಾಗಿಂದ ಎದ್ದಾಳ. ಎಳ್ಳಮಾಸಿ ತನಕ ಬಿಡ್ರಿ, ತಾನ ಇಳೀತದೇನು ನೋಡೂಣು."

"ಇಳೀಲಿಲ್ಲ ಅಂದ್ರ?"

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಇನ್ನೂ ಕೆಲವು ವಾರವಿತ್ತು. ಇಳಿಯದಿದ್ದರೆ ಏನೆಂದು ಅವ್ವನಿಗೂ ಆಗ ಗೊತ್ತಿರಲಿಲ್ಲ. ಮಗಳ ಚರ್ಮಕ್ಕೆ ಬೆಂಕಿ ತಾಗಬಾರದು ಎಂಬುದೊಂದೇ ಗೊತ್ತಿತ್ತು. ಆಯಿ ಅವಳನ್ನೇ ನೋಡುತ್ತ ಕೂತಿದ್ದಳು. ಆಯಿಗೆ ಸಿಟ್ಟು ಬಂದರೆ ದನಿ ಸಣ್ಣಗಾಗುತ್ತಿತ್ತು.

"ಆತು, ಎಳ್ಳಮಾಸಿ ತನಕ. ಆ ದಿನಾ ಹೊಲದಾಗ ಊಟ ಆದಮ್ಯಾಲ ನಾ ಮತ್ತ ಕೈ ಹಚ್ಚಿ ನೋಡ್ತೀನಿ. ಬಾರಿಕಾಯಿನ ಇದ್ರ ಅಲ್ಲೇ ಬರಿ ಕೊಡೂದ. ಮತ್ತ ಪೋರಿ ತಲಿ ನೀನ ಹಿಡೀಬೇಕು, ನವಿ ಪೇಠದಾಕಿ."

ಅವ್ವ ಹೂಂ ಎಂದಳು. ನಾನು ಅವಳ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ತಲೆಯನ್ನು ಬೇರೆ ಯಾರು ಹಿಡಿದರೂ ನಾನು ಕಚ್ಚಿ, ಒದ್ದು ಓಡಿಹೋಗುತ್ತಿದ್ದೆ. ಅವ್ವನೇ ಹಿಡಿದರೆ ಎಲ್ಲಿಗೆ ಓಡುವುದು? ಅಂದಿನಿಂದ ನನಗೆ ಕುಡಗೋಲಿಗಿಂತ ಅವ್ವನ ಕೈಯದೇ ಹೆದರಿಕೆಯಾಯಿತು. ಅವಳಿಗೂ ತನ್ನ ಕೈಯದೇ ಹೆದರಿಕೆ ಇತ್ತೆಂದು ಎಷ್ಟೋ ವರ್ಷಗಳ ಮೇಲೆ ತಾನಾಗಿ ಹೇಳಿದಳು.

ಮರುದಿನ ಅವ್ವ ನನ್ನನ್ನು ಎಸ್ಟಿ ಬಸ್ಸು ಹತ್ತಿಸಿ ಅಕ್ಕಲಕೋಟಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಗಂಟಲು ನೋಡಿದರು, ಕಿವಿ ನೋಡಿದರು, ಬಗಲಲ್ಲಿ ಕೈಯಿಟ್ಟು ನೋಡಿದರು. ನೆಗಡಿಯ ಜೊತೆ ಮೈ ಕಾದಾಡುವಾಗ ಕುತ್ತಿಗೆಯ ಗಂಟುಗಳು ಊದಿಕೊಳ್ಳುತ್ತವೆ, ನೆಗಡಿ ಹೋದ ಮೇಲೂ ಕೆಲವು ವಾರ ಹಾಗೇ ಇರುತ್ತವೆ, ನಿಧಾನಕ್ಕೆ ಇಳಿಯುತ್ತವೆ ಎಂದರು. ಇನ್ನೂ ದೊಡ್ಡದಾದರೆ, ಕಲ್ಲಿನ ಹಾಗೆ ಗಟ್ಟಿಯಾದರೆ, ಮತ್ತೆ ಜ್ವರ ಬಂದರೆ ತಡ ಮಾಡದೆ ಕರೆದುಕೊಂಡು ಬಾ ಎಂದರು. ಬಾಗಿಲ ಹತ್ತಿರ ಹೋದಾಗ ಇನ್ನೊಂದು ಮಾತು ಹೇಳಿದರು, ಗಂಟು ಹಿಚುಕಬೇಡಿ ಎಂದು. ಅವ್ವನ ಮನಸ್ಸೆಲ್ಲ ಇಳಿಯುತ್ತದೆ ಎಂಬ ಮಾತಿನ ಮೇಲಿತ್ತು. ಕೊನೆಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮನೆಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದಳು. ಆಯಿ, ಡಾಕ್ಟರಗ ನಮ್ಮ ಮನಿ ಗಂಟು ಏನ್ ಗೊತ್ತು ಎಂದು ಕೈ ಝಾಡಿಸಿದಳು. ಆಗ ಅವ್ವ ತನ್ನ ಅಂಗಡಿಯ ಬುದ್ಧಿ ಹೊರಗೆ ತೆಗೆದಳು.

"ಅತ್ತಿ, ನಮ್ಮ ಅಂಗಡ್ಯಾಗ ಅರಿವಿ ಚಲೋ ಅದ ಅಂತ ನಾವು ಬಾಯಿಲೆ ಹೇಳೂದಿಲ್ರಿ. ಗಿರಾಕಿ ಕೈಯಾಗ ಕೊಡ್ತೀವಿ, ಮುಟ್ಟಿ ನೋಡ್ರಿ ಅಂತೀವಿ. ಡಾಕ್ಟರ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ದಿನಾ ಮುಂಜಾನೆ ನೀವ ಕೈ ಹಚ್ಚಿ ನೋಡ್ರಿ, ನಿಮ್ಮ ಕೈ ಏನ್ ಹೇಳ್ತದೋ ಅದ ಖರೆ."

ಆಯಿಗೆ ಇದು ಹಿಡಿಸಿತು. ದಿನಾ ಮುಂಜಾನೆ ನನ್ನನ್ನು ಕಂಬದ ಹತ್ತಿರ ಕೂಡಿಸಿಕೊಂಡು ನೋಡತೊಡಗಿದಳು. ದಿನಾ ಬಾರಿಕಾಯಿ ಎಂದೇ ಹೇಳಿದಳು. ಆಯಿಯ ಕೈ ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ನವಿ ಪೇಠದಾಕಿ ಅತ್ತೆಯ ಜೊತೆ ಪಣ ಕಟ್ಟಿದ್ದಾಳೆ ಎಂಬ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಹಾಲು ಕೇಳಲು ಬಂದವರು ನೋಡಿದರು, ಬೆಂಕಿ ಕೇಳಲು ಬಂದವರು ನೋಡಿದರು. ದೊಡ್ಡಪ್ಪ ಹೊಲದಿಂದ ಬಂದವನೇ, ಕೈಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ನನ್ನ ಕುತ್ತಿಗೆ ಹಿಚುಕುವನು. ಕಮಳಿಯಂತೂ ಮಲಗಿದಲ್ಲಿ ಬಂದು ಒತ್ತಿ ನೋಡಿ, ಕಲ್ಲಂಗ ಅದ ನೋಡು ಎಂದು ಹೆದರಿಸುವಳು. ನಮ್ಮ ಕಡೆಯವರಿಗೆ ಕಾಳಜಿ ಇದ್ದರೆ ಅದು ಕೈಯಲ್ಲೇ ಇರುತ್ತದೆ. ಮುಟ್ಟದೆ ಕೇಳಿ ಹೋದರೆ ಕೇಳಿದ ಹಾಗೇ ಅಲ್ಲ. ಒಂದು ದಿನ ನೆಂಟರ ಪೈಕಿ ಯಾವುದೋ ಅಜ್ಜ ಬಂದು ಹೆಬ್ಬೆರಳಿನಲ್ಲಿ ಒತ್ತಿದ ಹೊಡೆತಕ್ಕೆ ನಾನು ಚೀರಿದೆ. ಅವ್ವ ಓಡಿ ಬಂದು ನೋಡಿದಳು. ಗಂಟಿನ ಮೇಲಿನ ಚರ್ಮ ಕೆಂಪಗಾಗಿತ್ತು.

ಡಾಕ್ಟರು ಬಾಗಿಲಲ್ಲಿ ಹೇಳಿದ ಮಾತು ಆಗ ಅವಳ ತಲೆಗೆ ಹೋಯಿತು. ಒಳಗೆ ಹೋಗಿ ತನ್ನ ಟ್ರಂಕಿನಿಂದ ತವರಿನ ಮೆತ್ತನೆಯ ಬಿಳಿ ಮಲಮಲ್ ತುಂಡು ತಂದು ನನ್ನ ಕುತ್ತಿಗೆಗೆ ಸಡಿಲಾಗಿ ಸುತ್ತಿದಳು. ಸುತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇವತ್ತಿನಿಂದ ಈ ಕುತ್ತಿಗಿಗೆ ಯಾರೂ ಕೈ ಹಚ್ಚೂಹಂಗಿಲ್ಲ. ದಿನಾ ಹಿಚುಕಿದ್ರ ಅದು ಇಳೀಬೇಕು ಹ್ಯಾಂಗ?"

ಆಮೇಲೆ ಕಂಬದ ಕಡೆ ತಿರುಗಿದಳು. ನನಗೆ ಈಗಲೂ ಆ ಮುಖ ಕಣ್ಣಿಗೆ ಕಟ್ಟಿದಂತಿದೆ. ತುಟಿ ಒಣಗಿತ್ತು, ಕಣ್ಣು ಮಾತ್ರ ಕೆಳಗಿಳಿಯಲಿಲ್ಲ.

"ಅತ್ತಿ, ನಿಮ್ಮ ಕೈನೂ ಬ್ಯಾಡ್ರಿ."

ದೊಡ್ಡವ್ವ ಒಲೆ ಊದುವುದನ್ನು ನಿಲ್ಲಿಸಿದಳು. ಕೊಟ್ಟಿಗೆಯಲ್ಲಿ ಎತ್ತು ಮೇವು ಕಟಕಟ ಅಗಿಯುವುದು ಕೇಳುತ್ತಿತ್ತು. ಆ ಮನೆಯಲ್ಲಿ ಆಯಿಯ ಕೈಯನ್ನು ಬೇಡ ಎಂದವರು ಅವತ್ತಿನವರೆಗೆ ಯಾರೂ ಇರಲಿಲ್ಲ.

"ನನ್ನ ಕೈಗೆ ವಿಷಾ ಹತ್ಯಾದೇನು?" ಎಂದಳು ಆಯಿ, ಸಣ್ಣ ದನಿಯಲ್ಲಿ.

"ಇಲ್ರಿ. ನಿಮ್ಮ ಕೈ ಮ್ಯಾಲೇ ನನ್ನ ಭರವಸಾ ಅದ. ಅದಕ್ಕ ಎಳ್ಳಮಾಸಿಗಂತ ಅದನ್ನ ತಗದಿಡ್ರಿ ಅಂತೀನಿ. ಆವತ್ತ ನೀವ ನೋಡ್ರಿ, ನೀವ ಹೇಳ್ರಿ. ನೀವು ಬಾರಿಕಾಯಿ ಅಂದ್ರ ನಾ ಪೋರಿ ತಲಿ ಹಿಡೀತೀನಿ, ತುಟಿ ಪಿಟ್ಟನ್ನಂಗಿಲ್ಲ."

ಆಯಿ ಸೆರಗು ಸರಿಮಾಡಿಕೊಂಡು, ಚಹಾ ಮಾಡು ಹೋಗು ಎಂದಳು. ಆಯಿ ಚಹಾ ಕುಡಿಯುವವಳೇ ಅಲ್ಲ. ಅವ್ವ ಮಾಡಿ ಕೊಟ್ಟಳು, ಆಯಿ ಮುಖ ಕಿವುಚಿಕೊಂಡು ಪೂರ್ತಿ ಕುಡಿದಳು.

ಆಮೇಲಿನ ದಿನಗಳಲ್ಲಿ ಆಯಿಯನ್ನು ನೋಡುವುದೇ ಒಂದು ಮಜಾ. ನಾನು ಹಾದು ಹೋದರೆ ಅವಳ ಬಲಗೈ ತಾನಾಗಿ ಮೇಲೇಳುತ್ತಿತ್ತು. ಅರ್ಧಕ್ಕೆ ಬಂದಾಗ ನೆನಪಾಗಿ ಅದು ತನ್ನ ತಲೆಗೇ ಹೋಗಿ ಕೂದಲು ಸವರುತ್ತಿತ್ತು. ಬಂದವರು ನನ್ನ ಕುತ್ತಿಗೆಗೆ ಕೈ ಚಾಚಿದರೆ ಆಯಿಯೇ ಗದರುತ್ತಿದ್ದಳು. ನಾನ ಮುಟ್ಟಂಗಿಲ್ಲ, ನಡುವ ನಿಂದೇನು ಎನ್ನುವಳು. ಅವ್ವನ ಪರವಾಗಿಯೂ, ಆಯಿಯ ಪರವಾಗಿಯೂ ಒಂದು ಮಾತು ಆಡದೆ ದಿನ ದೂಡಿದ್ದ ಅಪ್ಪ ಕೂಡ ಒಂದು ದಿನ ದೊಡ್ಡಪ್ಪನ ಕೈ ಹಿಡಿದು, ಅಣ್ಣಾ, ಬ್ಯಾಡ ಎಂದ. ನಮ್ಮಪ್ಪನ ಮಟ್ಟಿಗೆ ಅದು ದೊಡ್ಡ ಭಾಷಣ. ಅವ್ವ ಅವನಿಗೆ ಆ ದಿನ ಶೇಂಗಾ ಚಟ್ನಿಯ ಮೇಲೆ ಎಣ್ಣೆ ಹೆಚ್ಚು ಹಾಕಿದಳು. ಅರಿವೆಯೊಳಗೆ ಗಂಟು ಏನಾಗಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವ್ವ ನನಗೆ ಸ್ನಾನ ಮಾಡಿಸುವಾಗ ಗಂಟು ದೊಡ್ಡದಾಗಿ ಕಾಣುತ್ತದೇನೋ ಎಂದು ಕಣ್ಣಿನಲ್ಲೇ ನೋಡುತ್ತಿದ್ದಳು, ಕೈ ಹಚ್ಚುತ್ತಿರಲಿಲ್ಲ. ಬೇರೆಯವರಿಗೆ ಹೇಳಿದ್ದನ್ನು ತಾನು ಮೊದಲು ಪಾಲಿಸುವ ಹೆಂಗಸು ಅವಳು.

ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲದಲ್ಲೇ ಊಟ ಮಾಡುವುದು. ಗಾಡಿಯಲ್ಲಿ ಸಜ್ಜೆಯ ರೊಟ್ಟಿ, ಕಡುಬು, ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿಯ ಗಡಿಗೆ, ಅಂಬಲಿಯ ಕೊಡ, ಶೇಂಗಾ ಹೋಳಿಗೆ ಏರಿದವು. ಕೊನೆಗೆ ಆಯಿ ಅರಿವೆಯಲ್ಲಿ ಸುತ್ತಿದ ಒಂದು ವಸ್ತುವನ್ನು ತನ್ನ ಕಾಲ ಕೆಳಗೆ ಇಟ್ಟುಕೊಂಡಳು. ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಕಲ್ಲುಗಳಿಗೆ ಪೂಜೆಯಾಯಿತು. ಅಪ್ಪ, ದೊಡ್ಡಪ್ಪ ಹೊಲದ ಸುತ್ತ ಚರಗ ಚೆಲ್ಲಿ ಬಂದರು, ಬೆಳೆಗೂ ಭೂಮಿಗೂ ನಮಗಿಂತ ಮೊದಲು ಊಟ. ನಾನು ಕಡುಬು ಬಾಯಲ್ಲಿಟ್ಟುಕೊಂಡು ಕೂತೆ. ಅವ್ವ ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ.

ಊಟವಾದ ಮೇಲೆ ಆಯಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಬಾ ಎಂದಳು. ಅವ್ವ ಮಲಮಲ್ ಬಿಚ್ಚಿದಳು. ಅಲ್ಲೇ ಆಚೆ ಅಂಬಲಿ ಕಾಯಿಸಿದ ಒಲೆಯಲ್ಲಿ ಕೆಂಡ ಇನ್ನೂ ಇದ್ದವು. ಆಯಿ ಕಣ್ಣು ಮುಚ್ಚಿ ಬೆರಳು ಇಳಿಸಿದಳು. ಬೆರಳು ಹುಡುಕಿತು, ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಹುಡುಕಿತು. ನಾನು ಅವ್ವನ ಕೈಗಳನ್ನೇ ನೋಡುತ್ತಿದ್ದೆ. ಆಯಿ ಕೇಳಿದರೆ ನನ್ನ ತಲೆ ಹಿಡಿಯಲು ಅವು ಸಿದ್ಧವಾಗಿ ತೊಡೆಯ ಮೇಲೆ ಇದ್ದವು.

ಆಗ ಆಯಿ ಏನು ಬೇಕಾದರೂ ಹೇಳಬಹುದಿತ್ತು. ಅವಳ ಬೆರಳಿನ ಮೇಲೆ ಇನ್ನೊಬ್ಬರ ಬೆರಳಿಟ್ಟು ಪರೀಕ್ಷೆ ಮಾಡುವವರು ಆ ಹೊಲದಲ್ಲಿ ಯಾರೂ ಇರಲಿಲ್ಲ. ಬಾರಿಕಾಯಿ ಎಂದು ಒಂದು ಮಾತು ಹೇಳಿದ್ದರೆ ಅವಳ ಮಾತೂ ಉಳಿಯುತ್ತಿತ್ತು, ಅವಳ ಅತ್ತೆಯ ಕಾಲದ ಕುಡಗೋಲೂ ಉಳಿಯುತ್ತಿತ್ತು, ನವಿ ಪೇಠದಾಕಿ ಮತ್ತೆಂದೂ ಬಾಯಿ ತೆಗೆಯುತ್ತಿರಲಿಲ್ಲ. ಆಯಿ ಎದ್ದು, ಬದುವಿನ ಪಕ್ಕದ ತೊಗರಿ ಗಿಡದಿಂದ ಒಂದು ಹಸಿ ಕಾಯಿ ಹರಿದಳು. ಉಗುರಿನಲ್ಲಿ ಬಿಡಿಸಿ, ಒಂದು ಕಾಳು ತೆಗೆದು ಅಂಗೈಯಲ್ಲಿಟ್ಟು ಎಲ್ಲರ ಮುಂದೆ ಹಿಡಿದಳು.

"ಇಷ್ಟ ಅದ," ಎಂದಳು. "ಇದಕ್ಕ ಬೆಂಕಿ ತಗೊಂಡು ಏನ್ ಮಾಡೂದು?"

ಅವ್ವ ಆಗ ಅತ್ತಳು, ಮುಚ್ಚಿಕೊಳ್ಳದೆ ಅತ್ತಳು. ಆಯಿ ಅವಳನ್ನು ಸಮಾಧಾನ ಮಾಡಲಿಲ್ಲ, ಆ ಕಲೆ ಅವಳಿಗೆ ಬರುತ್ತಿರಲಿಲ್ಲ. ಬದಲಿಗೆ ಒಂದು ಎಲೆ ಹಾಸಿ, ತನ್ನ ಕೈಯಿಂದ ರೊಟ್ಟಿ, ಭಜ್ಜಿ, ಎರಡು ಹೋಳಿಗೆ ಬಡಿಸಿ ಅವ್ವನ ಮುಂದೆ ದೂಡಿದಳು. ಆಯಿ ಸೊಸೆಗೆ ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ತೊಗರಿ ಕಾಳನ್ನು ನನಗೆ ಕೊಟ್ಟಳು. ನಾನು ತಿಂದುಬಿಟ್ಟೆ.

ನಾನು ಯಾವುದರಿಂದ ಆದವಳು ಎಂದು ಯಾರಾದರೂ ಕೇಳಿದರೆ ಆ ಮಧ್ಯಾಹ್ನವನ್ನೇ ತೋರಿಸುತ್ತೇನೆ. ದೊಡ್ಡವರ ಮುಖ ನೋಡಿ ಬೇಡ ಎನ್ನುವುದನ್ನು ಅವ್ವನಿಂದ ಕಲಿತೆ. ಕೈಗೆ ಸಿಕ್ಕಿದ್ದನ್ನೇ ಹೇಳುವುದನ್ನು, ಅದರಿಂದ ತಾನೇ ಸೋಲುವುದಿದ್ದರೂ ಹೇಳುವುದನ್ನು, ಆಯಿಯಿಂದ ಕಲಿತೆ. ಎರಡರಲ್ಲಿ ಯಾವುದು ಕಷ್ಟ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಇಂಥ ಇಬ್ಬರು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದರು, ನಾನು ಅವರ ನಡುವೆ ಬೆಳೆದೆ.

ಮೊಮ್ಮಗಳ ಗಂಟೂ ಇಳಿಯಿತು. ಡಾಕ್ಟರು ಒಮ್ಮೆ ನೋಡಿದರು, ಕಾಯಿರಿ ಎಂದರು, ನಾವು ಕೈ ಹಚ್ಚದೆ ಕಾದೆವು. ನನ್ನ ಬಲಗೈ ಮಾತ್ರ ಎಷ್ಟೋ ಸಲ ಅರ್ಧ ಎದ್ದು, ಕೊನೆಗೆ ನನ್ನ ತಲೆಯನ್ನೇ ಸವರಿತು.

ಅವಳಿಗೆ ನಾನು ಕಥೆಯನ್ನು ಇಲ್ಲಿಗೆ ನಿಲ್ಲಿಸಲಿಲ್ಲ, ಇಲ್ಲೂ ನಿಲ್ಲಿಸುವುದಿಲ್ಲ. ಆ ಎಳ್ಳಮಾಸಿ ಕಳೆದು ಜೋಳ ಕೊಯ್ಯುವ ಹೊತ್ತಿಗೆ ಆಚೆ ಓಣಿಯ ಹೆಂಗಸೊಬ್ಬಳು ಮಗನನ್ನು ಎಳೆದುಕೊಂಡು ನಮ್ಮ ಮನೆಗೆ ಬಂದಳು. ಹುಡುಗನಿಗೆ ನೆಗಡಿಯಾಗಿ ಹೋಗಿ ಕುತ್ತಿಗೆ ಊದಿತ್ತು. ಅವನು ಆಗಲೇ ಅಳುತ್ತಿದ್ದ.

"ಆಯೀ, ಒಂದೀಟು ನೋಡ್ರಿ. ಬರಿ ಕೊಡೂದಿದ್ರ ಇವತ್ತ ಕೊಟ್ಟುಬಿಡ್ರಿ."

ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಕೈ ಚಾಚಲಿಲ್ಲ.

"ಕುಡಗೋಲು ಮನ್ಯಾಗಿಲ್ಲ ತಂಗಿ. ಹಿಡಿಕಿ ಹಾಕಿಸೀನಿ, ಜ್ವಾಳಾ ಕೊಯ್ಯಾಕ ಹೋಗ್ಯಾದ," ಎಂದಳು. ಆಮೇಲೆ ಅಡಿಗೆಮನೆಯ ಕಡೆ ಗದ್ದ ಎತ್ತಿ ತೋರಿಸಿದಳು. ದನಿ ಸಣ್ಣಗಿರಲಿಲ್ಲ, ಓಣಿಗೆಲ್ಲ ಕೇಳುವಷ್ಟಿತ್ತು.

"ಒಳಗ ನಮ್ಮ ನವಿ ಪೇಠದಾಕಿ ಇದ್ದಾಳ. ಆಕಿನ್ನ ಕೇಳು."